ಹಳೆಯ ಗೇರ್ ಬಾಕ್ಸಿಗೆ ಯಾವ ಆಯಿಲ್: ಜಿಎಲ್-4 ಅಥವಾ ಜಿಎಲ್-5?

ಪ್ರಶ್ನೆ: ನನ್ನ ಹತ್ತಿರ ಸುಮಾರು 30 ವರ್ಷ ಹಳೆಯ ಕಾರಿದೆ. ಎಂಜಿನ್ ಅಡ್ಡಲಾಗಿ ಕೂತಿರುವ, ಮುಂದಿನ ಚಕ್ರಗಳಿಂದ ಓಡುವ ಗಾಡಿ. ಐದು ಗೇರಿನ ಮ್ಯಾನುಯಲ್ ಗೇರ್ ಬಾಕ್ಸ್. ಹೋದ ವರ್ಷ ಡ್ರೈವ್ ಶಾಫ್ಟ್ ಹತ್ತಿರದ ಆಯಿಲ್ ಸೀಲ್ ಸೋರುತ್ತಿತ್ತು. ಗ್ಯಾರೇಜಿನವರು ಸೀಲ್ ಜೊತೆಗೆ ಗೇರ್ ಆಯಿಲನ್ನೂ ಬದಲಿಸಿದರು. ಬಿಲ್ಲಿನಲ್ಲಿ 80ಡಬ್ಲ್ಯು-90 (ಮಂದತೆಯ ಗುರುತು), ಜಿಎಲ್-5 (ಗೇರ್ ಆಯಿಲಿನ ದರ್ಜೆ) ಎಂದಿದೆ. ಕಾರಿನ ಕೈಪಿಡಿ ಹೇಳುವುದು 75ಡಬ್ಲ್ಯು-90, ಜಿಎಲ್-4. ಅಲ್ಲಿಂದೀಚೆಗೆ ಬೆಳಗಿನ ಹೊತ್ತು ಎರಡನೇ ಗೇರ್ ಗಟ್ಟಿಯಾಗಿ ಬೀಳುತ್ತಿದೆ. ಅವಸರ ಮಾಡಿದರೆ ‘ಕರ್‍ರ್’ ಎನ್ನುತ್ತದೆ. ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಎಷ್ಟೋ ವಾಸಿ. ಈಗ ಒಬ್ಬರು ‘ಜಿಎಲ್-5 ಹಿತ್ತಾಳೆ ತಿಂದುಹಾಕುತ್ತದೆ, ಇವತ್ತೇ ತೆಗೆಸಿ’ ಎನ್ನುತ್ತಾರೆ. ಇನ್ನೊಬ್ಬರು ‘ನಾಲ್ಕಕ್ಕಿಂತ ಐದು ಮೇಲು, ಸುಮ್ಮನಿರಿ’ ಎನ್ನುತ್ತಾರೆ. ಮತ್ತೊಬ್ಬರ ಪ್ರಕಾರ ಹಳೆಯ ಗಾಡಿಗೆ 140 ನಂಬರಿನ ಮಂದ ಆಯಿಲೇ ಸರಿ. ಎಂಜಿನ್ ಆಯಿಲ್ ಹಾಕಿ ಎಂದವರೂ ಇದ್ದಾರೆ. ಯಾರ ಮಾತು ಕೇಳಲಿ? ನನ್ನ ಗೇರ್ ಬಾಕ್ಸ್ ಈಗಾಗಲೇ ಹಾಳಾಗಿದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಎದ್ದು ಕಾಣುವ ಚಿಂತೆ ಅದೇ. ಒಂದು ವರ್ಷ ಜಿಎಲ್-5 ಇದ್ದ ಮಾತ್ರಕ್ಕೆ ಗೇರ್ ಬಾಕ್ಸ್ ಹಾಳಾಗಿರುವ ಸಂಭವ ಕಡಿಮೆ. ಬಿಸಿಯಾದ ಮೇಲೆ ಎರಡನೇ ಗೇರ್ ಸಲೀಸಾಗಿ ಬೀಳುತ್ತದೆ ಎಂದಿದ್ದೀರಲ್ಲ, ಅದು ಒಳ್ಳೆಯ ಲಕ್ಷಣ. ಪೂರ್ತಿ ಸವೆದುಹೋದ ಸಿಂಕ್ರೊನೈಸರ್ ರಿಂಗ್ (ಗೇರ್ ಬೀಳುವಾಗ ವೇಗ ಸರಿದೂಗಿಸುವ ಬಳೆ) ಆಯಿಲ್ ಬಿಸಿಯಾದ ಮಾತ್ರಕ್ಕೆ ಸರಿಹೋಗುವುದಿಲ್ಲ. ಆದರೆ ಈಗಿರುವ ಆಯಿಲ್ ನಿಮ್ಮ ಗೇರ್ ಬಾಕ್ಸಿಗೆ ಹೊಂದುವಂಥದ್ದಲ್ಲ, ಬದಲಿಸಿ. ಓಡಾಟ ನಿಲ್ಲಿಸಿ ಇವತ್ತೇ ಓಡಬೇಕಾದಷ್ಟು ತುರ್ತೇನಿಲ್ಲ. ಮುಂದಿನ ಕೆಲವು ವಾರಗಳಲ್ಲಿ ಮಾಡಿಸಿದರೆ ಸಾಕು.

‘ನಾಲ್ಕಕ್ಕಿಂತ ಐದು ಮೇಲು’ ಎಂಬ ಮಾತನ್ನು ಅನುಭವಸ್ಥ ಮೆಕ್ಯಾನಿಕ್‌ಗಳ ಬಾಯಲ್ಲೂ ಕೇಳಿದ್ದೇನೆ. ಎಂಜಿನ್ ಆಯಿಲ್‌ನಲ್ಲಿ ಹೊಸ ದರ್ಜೆ ಬಂದಾಗ ಸಾಮಾನ್ಯವಾಗಿ ಅದು ಹಳೆಯದರ ಜಾಗ ತೆಗೆದುಕೊಳ್ಳುತ್ತದೆ, ಆ ರೂಢಿ ಇಲ್ಲಿಗೂ ಬಂದಿದೆ. ಗೇರ್ ಆಯಿಲ್‌ನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಕೊಡುವ ಗುರುತಿನಲ್ಲಿ ಜಿಎಲ್-1, 2, 3, 6 ಬಳಕೆಯಿಂದ ಹೋಗಿವೆ. ಉಳಿದಿರುವ 4 ಮತ್ತು 5 ಎರಡು ಬೇರೆ ಕೆಲಸಗಳಿಗೆ ಇರುವಂಥವು, ಒಂದು ಇನ್ನೊಂದರ ಸುಧಾರಿತ ರೂಪವಲ್ಲ.

ಹಿಂದಿನ ಚಕ್ರಗಳಿಂದ ಓಡುವ ಗಾಡಿಗಳ ಆಕ್ಸಲ್‌ನಲ್ಲಿ ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರ ಮತ್ತು ಅದನ್ನು ತಿರುಗಿಸುವ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ ಇರುತ್ತವೆ. ಪಿನಿಯನ್‌ನ ನಡುಗೆರೆ ಕ್ರೌನ್‌ನ ನಡುಗೆರೆಗಿಂತ ಕೆಳಗೆ ಸರಿದಿರುವ ಜೋಡಣೆಗೆ ಹೈಪಾಯ್ಡ್ ಎನ್ನುತ್ತಾರೆ. ಅಲ್ಲಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಭಾರೀ ಒತ್ತಡದಲ್ಲಿ ಉದ್ದಕ್ಕೂ ಜಾರುತ್ತವೆ. ಆಯಿಲ್ ಪೊರೆ ಆ ಒತ್ತಡಕ್ಕೆ ಹರಿದುಹೋಗುತ್ತದೆ. ಆಗ ಉಕ್ಕಿಗೆ ಉಕ್ಕು ಕಚ್ಚಿಕೊಳ್ಳದಂತೆ ತಡೆಯುವುದು ಆಯಿಲಿನೊಳಗಿನ ಗಂಧಕ-ರಂಜಕದ ಸಂಯುಕ್ತಗಳು. ತಿಕ್ಕಾಟದ ಬಿಸಿಗೆ ಅವು ಉಕ್ಕಿನ ಮೈಯೊಂದಿಗೆ ಸೇರಿ ತೆಳ್ಳನೆಯ ಪದರ ಕಟ್ಟುತ್ತವೆ. ಸವೆಯುವುದು ಆ ಪದರ, ಹಲ್ಲಲ್ಲ. ಜಿಎಲ್-5 ಹುಟ್ಟಿದ್ದು ಈ ಕೆಲಸಕ್ಕೆ. ಜಿಎಲ್-4ರಲ್ಲಿ ಈ ಸಂಯುಕ್ತಗಳ ಪ್ರಮಾಣ ಸಾಮಾನ್ಯವಾಗಿ ಅದರ ಅರ್ಧದಷ್ಟು.

ನಿಮ್ಮ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕೂತಿದೆ. ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಗೇರ್ ಬಾಕ್ಸಿನ ಒಳಗೇ ಇದ್ದರೂ ಅದನ್ನು ತಿರುಗಿಸುವುದು ಓರೆ ಹಲ್ಲಿನ ಸಾಧಾರಣ ಹೆಲಿಕಲ್ ಗೇರುಗಳು, ಹೈಪಾಯ್ಡ್ ಅಲ್ಲ. ಎಂದ ಮೇಲೆ ಜಿಎಲ್-5 ಕೊಡುವ ಹೆಚ್ಚುವರಿ ರಕ್ಷಣೆಗೆ ಅಲ್ಲಿ ಕೆಲಸವೇ ಇಲ್ಲ. ಅದರ ತೊಂದರೆ ಮಾತ್ರ ನಿಮ್ಮ ಪಾಲಿಗೆ ಉಳಿಯುತ್ತದೆ.

ಆ ತೊಂದರೆ ಏನು? ಹಿತ್ತಾಳೆ ತಿನ್ನುವುದು ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ, ಅದರ ಮಾತು ಕಡಿಮೆ. ಅದು ಘರ್ಷಣೆ.

ಗೇರ್ ಬದಲಿಸುವಾಗ ಒಳಗೆ ನಡೆಯುವುದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಶಾಫ್ಟ್ ಒಂದು ವೇಗದಲ್ಲಿ, ನೀವು ಹಿಡಿಯಬೇಕಾದ ಗೇರ್ ಇನ್ನೊಂದು ವೇಗದಲ್ಲಿ ತಿರುಗುತ್ತಿರುತ್ತವೆ. ಎರಡೂ ಸಮವೇಗಕ್ಕೆ ಬಾರದೆ ಹಲ್ಲಿಗೆ ಹಲ್ಲು ಸೇರುವುದಿಲ್ಲ. ಆ ವೇಗವನ್ನು ಸರಿದೂಗಿಸುವುದು ಸಿಂಕ್ರೊನೈಸರ್ ರಿಂಗ್. ಹಳೆಯ ಗೇರ್ ಬಾಕ್ಸುಗಳಲ್ಲಿ ಅದು ಹೆಚ್ಚಾಗಿ ಹಿತ್ತಾಳೆ ಅಥವಾ ಕಂಚಿನದು. ಒಳಮೈಯಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ. ಗೇರಿನ ಶಂಕುವಿನಾಕಾರದ ಮೈಗೆ ರಿಂಗ್ ಒತ್ತಿದಾಗ ಆ ಗೀರುಗಳು ನಡುವಿನ ಆಯಿಲನ್ನು ಕತ್ತರಿಸಿ ಆಚೆ ತಳ್ಳಿ, ಗೇರನ್ನು ಬ್ರೇಕಿನಂತೆ ಹಿಡಿಯಬೇಕು. ಒಂದು ಸೆಕೆಂಡಿನ ಸಣ್ಣ ಪಾಲಿನಲ್ಲಿ ಇಷ್ಟೂ ಆಗಿಬಿಡುತ್ತದೆ. ಗೇರಿನ ಹಲ್ಲುಗಳಿಗೆ ಜಾರಿಕೆ ಬೇಕು, ರಿಂಗಿಗೆ ಹಿಡಿತ ಬೇಕು. ಎರಡಕ್ಕೂ ಇರುವುದು ಒಂದೇ ಆಯಿಲ್. ಮ್ಯಾನುಯಲ್ ಗೇರ್ ಬಾಕ್ಸಿನ ಆಯಿಲ್ ಆಯ್ಕೆಯ ಕಷ್ಟವೆಲ್ಲ ಇಷ್ಟೇ.

ಜಿಎಲ್-5 ಆಯಿಲ್ ಎಷ್ಟೋ ಗೇರ್ ಬಾಕ್ಸುಗಳಲ್ಲಿ ಈ ಹಿಡಿತವನ್ನು ಕಡಿಮೆ ಮಾಡುತ್ತದೆ. ರಿಂಗ್ ಜಾರುತ್ತಲೇ ಇರುತ್ತದೆ, ವೇಗ ಸಮವಾಗಲು ಹೆಚ್ಚು ಹೊತ್ತು ಬೇಕಾಗುತ್ತದೆ, ಅಷ್ಟರಲ್ಲಿ ನಿಮ್ಮ ಕೈ ಲಿವರನ್ನು ಒತ್ತಿಬಿಟ್ಟಿರುತ್ತದೆ. ಆಗ ಕೇಳುವುದೇ ನೀವು ಹೇಳಿದ ‘ಕರ್‍ರ್’. ಎರಡನೇ ಗೇರೇ ಮೊದಲು ತಕರಾರು ತೆಗೆಯುವುದಕ್ಕೂ ಕಾರಣವಿದೆ. ಒಂದಕ್ಕೂ ಎರಡಕ್ಕೂ, ಎರಡಕ್ಕೂ ಮೂರಕ್ಕೂ ನಡುವಿನ ವೇಗದ ಅಂತರ ಮೇಲಿನ ಗೇರುಗಳ ನಡುವಿನದಕ್ಕಿಂತ ಹೆಚ್ಚು. ಬಳಕೆಯೂ ಹೆಚ್ಚು. ಎರಡನೇ ಗೇರಿನ ರಿಂಗ್ ಉಳಿದವುಗಳಿಗಿಂತ ಹೆಚ್ಚು ದುಡಿದಿರುತ್ತದೆ.

ಇನ್ನು ಹಿತ್ತಾಳೆಯ ಮಾತು. ಅದರಲ್ಲಿ ನಿಜವೂ ಇದೆ, ಉತ್ಪ್ರೇಕ್ಷೆಯೂ ಇದೆ. ಚುರುಕು ಗಂಧಕ ತಾಮ್ರವನ್ನು ಕಪ್ಪಾಗಿಸುತ್ತದೆ, ಹಿತ್ತಾಳೆ ಕಂಚುಗಳಲ್ಲಿ ತಾಮ್ರವೇ ಮುಖ್ಯ. ಮೈಮೇಲೆ ಕಟ್ಟಿದ ಪದರ ಪ್ರತಿ ಗೇರ್ ಬದಲಾವಣೆಯಲ್ಲೂ ತಿಕ್ಕಿ ಹೋಗುತ್ತದೆ, ಮತ್ತೆ ಕಟ್ಟುತ್ತದೆ. ಹೀಗೆ ರಿಂಗ್ ತೆಳುವಾಗಬಹುದು. ಹಳೆಯ ಕಾಲದ ಆಯಿಲ್‌ಗಳ ವಿಷಯದಲ್ಲಿ ಈ ಭಯಕ್ಕೆ ಅರ್ಥವಿತ್ತು. ಇಂದಿನ ಒಳ್ಳೆಯ ಆಯಿಲ್‌ಗಳಲ್ಲಿ ಗಂಧಕವನ್ನು ಕಡಿಮೆ ಚುರುಕಿನ ರೂಪದಲ್ಲಿ ಬಳಸುತ್ತಾರೆ, ತಾಮ್ರವನ್ನು ಕಾಪಾಡುವ ಪದಾರ್ಥಗಳನ್ನೂ ಸೇರಿಸುತ್ತಾರೆ. ಜಿಎಲ್-5 ಆಯಿಲ್‌ಗೆ ತಾಮ್ರದ ಪಟ್ಟಿಯನ್ನು 121 ಡಿಗ್ರಿ ಸೆಲ್ಸಿಯಸ್‌ನ ಆಯಿಲಿನಲ್ಲಿ 3 ಗಂಟೆ ಮುಳುಗಿಸಿ ನೋಡುವ ಪರೀಕ್ಷೆಯೂ ಇದೆ. ಹಾಗೆಂದು 3 ಗಂಟೆಯ ಪರೀಕ್ಷೆ ಹತ್ತು ವರ್ಷದ ಓಡಾಟಕ್ಕೆ ಸಾಕ್ಷಿಯಾಗುವುದಿಲ್ಲ. ನನ್ನ ಅಭಿಪ್ರಾಯ ಇಷ್ಟು: ಒಂದು ವರ್ಷ ಇದ್ದುದಕ್ಕೆ ಹೆದರಬೇಡಿ, ಹತ್ತು ವರ್ಷ ಇರಲು ಬಿಡಬೇಡಿ.

ನಿಮ್ಮ ಬೆಳಗಿನ ತೊಂದರೆಯಲ್ಲಿ ಎರಡನೆಯ ಪಾಲುದಾರನೂ ಇದ್ದಾನೆ. 75ಡಬ್ಲ್ಯು ಬದಲು 80ಡಬ್ಲ್ಯು ಹಾಕಿದ್ದಾರೆ. ‘ಡಬ್ಲ್ಯು’ಗಿಂತ ಮೊದಲು ಬರುವ ಸಂಖ್ಯೆ ತಣ್ಣಗಿರುವಾಗಿನ ನಡವಳಿಕೆಯದು. ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಮಾನದಂಡದಲ್ಲಿ ಮಂದತೆಗೆ ಒಂದು ಗರಿಷ್ಠ ಮಿತಿ ಇಟ್ಟಿದ್ದಾರೆ. 75ಡಬ್ಲ್ಯು ಆಯಿಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಆ ಮಿತಿಯೊಳಗೆ ಇರಬೇಕು, 80ಡಬ್ಲ್ಯು ಸೊನ್ನೆಗಿಂತ 26 ಡಿಗ್ರಿ ಕೆಳಗಿನವರೆಗೆ ಇದ್ದರೆ ಸಾಕು. ನಿಮ್ಮ ಗಾಡಿ ಅಂಥ ಚಳಿ ಕಾಣದಿರಬಹುದು. ಆದರೂ ಸಾಧಾರಣ ಬೆಳಗಿನ ತಂಪಿನಲ್ಲೂ ಇವೆರಡರ ನಡುವೆ ಕೈಗೆ ತಿಳಿಯುವಷ್ಟು ವ್ಯತ್ಯಾಸ ಇರುತ್ತದೆ. ಮಂದ ಆಯಿಲನ್ನು ಕತ್ತರಿಸಲು ರಿಂಗ್ ಹೆಚ್ಚು ಹೆಣಗಬೇಕು. ಬಿಸಿಯಾದ ಮೇಲೆ ಎರಡೂ ‘90’ರ ದರ್ಜೆಗೇ ಬರುತ್ತವೆ, ಹಾಗಾಗಿ ಹದಿನೈದು ನಿಮಿಷದ ನಂತರ ನಿಮಗೆ ವಾಸಿ ಎನಿಸುತ್ತದೆ.

140 ಹಾಕಿ ಎಂದವರ ಸಲಹೆಯನ್ನು ಇಲ್ಲಿಗೇ ಬಿಟ್ಟುಬಿಡಿ. ಸವೆದ ಬೇರಿಂಗಿನ ಸದ್ದನ್ನು ಮಂದ ಆಯಿಲ್ ಒಂದಿಷ್ಟು ಅಡಗಿಸುತ್ತದೆ, ಅದು ನಿಜ. ಗಾಡಿ ಮಾರುವವರಿಗೆ ಅದರಿಂದ ಉಪಯೋಗ, ಇಟ್ಟುಕೊಳ್ಳುವವರಿಗಲ್ಲ. ಇಂಥ ಗೇರ್ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ಆಯಿಲ್ ಪಂಪ್ ಇರುವುದಿಲ್ಲ. ತಿರುಗುವ ಗೇರುಗಳು ಎರಚಿದ ಆಯಿಲೇ ಸಣ್ಣ ದಾರಿಗಳ ಮೂಲಕ ಬೇರಿಂಗುಗಳನ್ನು ತಲುಪಬೇಕು. ಆಯಿಲ್ ತೀರಾ ಮಂದವಾದರೆ ತಣ್ಣಗಿರುವಾಗ ಅದು ಹೋಗಬೇಕಾದಲ್ಲಿಗೆ ಹೊತ್ತಿಗೆ ಸರಿಯಾಗಿ ಹೋಗುವುದಿಲ್ಲ. ಎರಡನೇ ಗೇರಿನ ಗೋಳು ಈಗಿರುವುದಕ್ಕಿಂತ ಹೆಚ್ಚುತ್ತದೆ.

ಎಂಜಿನ್ ಆಯಿಲ್ ಸಲಹೆ ಅಷ್ಟು ಹುಚ್ಚಿನದಲ್ಲ. 90 ಎಂಬ ಸಂಖ್ಯೆ ನೋಡಿ ಗೇರ್ ಆಯಿಲ್ ಎಂಜಿನ್ ಆಯಿಲಿಗಿಂತ ಎರಡು ಪಟ್ಟು ಮಂದ ಎಂದುಕೊಳ್ಳುವವರು ಬಹಳ. ಇವು ಎರಡು ಬೇರೆ ಅಳತೆಪಟ್ಟಿಗಳು. 100 ಡಿಗ್ರಿಯಲ್ಲಿ 90ರ ಗೇರ್ ಆಯಿಲ್ 13.5ರಿಂದ 18.5 ಸೆಂಟಿಸ್ಟೋಕ್ (ಮಂದತೆಯ ಅಳತೆ) ಒಳಗಿರುತ್ತದೆ. ಅದೇ ಬಿಸಿಯಲ್ಲಿ 40ರ ಎಂಜಿನ್ ಆಯಿಲ್ 12.5ರಿಂದ 16.3, 50ರದ್ದು 16.3ರಿಂದ 21.9. ಅಂದರೆ ಮಂದತೆಯಲ್ಲಿ ಇವು ಹೆಚ್ಚು ಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ. ಹಳೆಯ ಮಿನಿ ಕಾರಿನಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ಒಂದೇ ಆಯಿಲ್. ಹೋಂಡಾದ ಹಲವು ಹಳೆಯ ಮ್ಯಾನುಯಲ್ ಗೇರ್ ಬಾಕ್ಸುಗಳಿಗೂ ಕಂಪನಿಯೇ ಎಂಜಿನ್ ಆಯಿಲ್ ಹೇಳಿತ್ತು. ಆಟೊಮ್ಯಾಟಿಕ್ ಗೇರ್ ಬಾಕ್ಸಿನ ತೆಳು ಆಯಿಲನ್ನೇ ಬೇಡುವ ಮ್ಯಾನುಯಲ್ ಗೇರ್ ಬಾಕ್ಸುಗಳೂ ಇವೆ. ಅಂಥವಕ್ಕೆ ‘ಗೇರ್ ಬಾಕ್ಸ್ ಅಲ್ಲವೇ’ ಎಂದು 90 ತುಂಬಿದರೆ ಅದೂ ತಪ್ಪೇ. ನಿಮ್ಮ ಕೈಪಿಡಿ ಜಿಎಲ್-4 ಎಂದು ಸ್ಪಷ್ಟವಾಗಿ ಹೇಳಿದೆ. ಎಂಜಿನ್ ಆಯಿಲಿನಲ್ಲಿ ಜಿಎಲ್-4ರಷ್ಟು ಒತ್ತಡ ತಡೆಯುವ ಸಂಯುಕ್ತಗಳು ಇರುವುದಿಲ್ಲ. ಏರು ದಾರಿಯಲ್ಲಿ ತುಂಬಿದ ಗಾಡಿ ಎಳೆಯುವಾಗ ಹಲ್ಲುಗಳಿಗೆ ಆ ರಕ್ಷಣೆ ಬೇಕಾಗುತ್ತದೆ. ಆದ್ದರಿಂದ ನಿಮಗೆ ಬೇಡ.

ಹಾಗಾದರೆ ಹಾಕಬೇಕಾದ್ದು 75ಡಬ್ಲ್ಯು-90, ಜಿಎಲ್-4. ಸಿಂಥೆಟಿಕ್ ಸಿಕ್ಕರೆ ಬೆಳಗಿನ ತೊಂದರೆಗೆ ಅದೇ ಒಳ್ಳೆಯದು. ‘ಹಳೆಯ ಗಾಡಿಗೆ ಸಿಂಥೆಟಿಕ್ ಹಾಕಿದರೆ ಸೀಲ್ ಹೋಗುತ್ತದೆ’ ಎಂಬ ಮಾತೂ ನಿಮ್ಮ ಕಿವಿಗೆ ಬೀಳಬಹುದು. ಒಳ್ಳೆಯ ಸಿಂಥೆಟಿಕ್ ಆಯಿಲ್ ಗಟ್ಟಿಮುಟ್ಟಾದ ಸೀಲನ್ನು ಕೆಡಿಸುವುದಿಲ್ಲ. ಆಗಲೇ ಒಣಗಿ ಬಿರುಕು ಬಿಟ್ಟ ಸೀಲಿನ ಸೋರಿಕೆ ಹೊಸ ಆಯಿಲ್ ಹಾಕಿದ ಮೇಲೆ ಕಣ್ಣಿಗೆ ಬೀಳಬಹುದು, ಅಷ್ಟೆ. ನೀವು ಹೋದ ವರ್ಷ ತಾನೇ ಒಂದು ಸೀಲ್ ಬದಲಿಸಿದ್ದೀರಿ, ಇನ್ನೊಂದು ಬದಿಯದನ್ನು ಮಾತ್ರ ಗಮನಿಸುತ್ತಿರಿ. 75ಡಬ್ಲ್ಯು ಸಿಗಲೇ ಇಲ್ಲವೆಂದರೆ 80ಡಬ್ಲ್ಯು-90 ಜಿಎಲ್-4 ಹಾಕಬಹುದು. ಬೆಳಗಿನ ಗಟ್ಟಿತನ ಸ್ವಲ್ಪ ಉಳಿಯುತ್ತದೆ, ಹಾನಿಯೇನಿಲ್ಲ.

ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ‘ಜಿಎಲ್-4/ಜಿಎಲ್-5’ ಎಂದು ಎರಡನ್ನೂ ಬರೆದಿರುವ ಆಯಿಲ್‌ಗಳು ಬಹಳ. ಅವುಗಳಲ್ಲಿ ಹೆಚ್ಚಿನವು ಜಿಎಲ್-5ರ ಪ್ರಮಾಣದ ಸಂಯುಕ್ತ ಇರುವಂಥವು. ಐದರ ಭಾರ ಹೊರುವುದು ನಾಲ್ಕರ ಭಾರವನ್ನೂ ಹೊರುತ್ತದೆ ಎಂಬ ಲೆಕ್ಕದಲ್ಲಿ ಎರಡನ್ನೂ ಬರೆಯುತ್ತಾರೆ. ಭಾರದ ಮಟ್ಟಿಗೆ ಅದು ಸುಳ್ಳಲ್ಲ, ರಿಂಗಿನ ಹಿಡಿತದ ಬಗ್ಗೆ ಅದು ಏನೂ ಹೇಳುವುದಿಲ್ಲ. ಎಪಿಐ ದರ್ಜೆಗಳು ಸಿಂಕ್ರೊನೈಸರ್ ನಡವಳಿಕೆಯನ್ನು ಪರೀಕ್ಷಿಸುವುದೇ ಇಲ್ಲ. ಆದ್ದರಿಂದ ‘ಸಿಂಕ್ರೊಮೆಶ್ ಗೇರ್ ಬಾಕ್ಸುಗಳಿಗೆ’ (ಅಂದರೆ ಸಿಂಕ್ರೊನೈಸರ್ ಇರುವಂಥವಕ್ಕೆ) ಎಂದು ತಯಾರಕರೇ ಸ್ಪಷ್ಟವಾಗಿ ಬರೆದಿರುವ, ಬರೀ ಜಿಎಲ್-4 ಎಂದಿರುವ ಆಯಿಲನ್ನೇ ತೆಗೆದುಕೊಳ್ಳಿ. ‘ಎಂಟಿ-1’ ಎಂಬ ಗುರುತು ನೋಡಿ ಮ್ಯಾನುಯಲ್ ಗೇರ್ ಬಾಕ್ಸಿಗೇ ಇರಬೇಕು ಎಂದುಕೊಳ್ಳುವವರಿದ್ದಾರೆ. ಅದು ಸಿಂಕ್ರೊನೈಸರ್ ಇಲ್ಲದ ಲಾರಿ, ಬಸ್ಸುಗಳ ಗೇರ್ ಬಾಕ್ಸುಗಳದ್ದು. ‘ಎಲ್‌ಎಸ್’ ಅಥವಾ ‘ಲಿಮಿಟೆಡ್ ಸ್ಲಿಪ್’ (ವಿಶೇಷ ಬಗೆಯ ಡಿಫರೆನ್ಷಿಯಲ್) ಎಂದಿರುವುದಂತೂ ಬೇಡವೇ ಬೇಡ. ಘರ್ಷಣೆಯನ್ನು ಬದಲಿಸುವ ಪದಾರ್ಥವನ್ನು ಅದರಲ್ಲಿ ಬೇಕೆಂದೇ ಸೇರಿಸಿರುತ್ತಾರೆ. ಮಾಲಿಬ್ಡಿನಂ, ಟೆಫ್ಲಾನ್ ಇರುವ ಸಣ್ಣ ಸೀಸೆಗಳಿಗೂ ಇದೇ ಮಾತು. ಹಿಡಿತ ಬೇಕಾದ ರಿಂಗಿಗೆ ಜಾರಿಕೆಯ ಮದ್ದು ಹಾಕಿ ಪ್ರಯೋಜನವಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು ಹೇಳಬೇಕು. ಹಿಂದಿನ ಚಕ್ರಗಳಿಂದ ಓಡುವ ಗಾಡಿಯಾದರೆ ಗೇರ್ ಬಾಕ್ಸ್ ಬೇರೆ, ಹಿಂದಿನ ಆಕ್ಸಲ್ ಬೇರೆ. ಗೇರ್ ಬಾಕ್ಸಿಗೆ ಜಿಎಲ್-4, ಆಕ್ಸಲ್‌ಗೆ ಜಿಎಲ್-5 ಎಂದು ಕೈಪಿಡಿ ಎರಡು ಬೇರೆ ಆಯಿಲ್ ಹೇಳಿರಬಹುದು. ಹೈಪಾಯ್ಡ್ ಆಕ್ಸಲ್‌ಗೆ ಜಿಎಲ್-4 ಹಾಕಿದರೆ ಹಲ್ಲುಗಳೇ ಕಿತ್ತುಬರಬಹುದು. ಆ ತಪ್ಪು ನಿಮ್ಮ ಗಾಡಿಯಲ್ಲಾದ ಈ ತಪ್ಪಿಗಿಂತ ಎಷ್ಟೋ ದುಬಾರಿ. ಸುಬಾರು ಗಾಡಿಗಳಲ್ಲಿ ಸಿಂಕ್ರೊನೈಸರ್ ಮತ್ತು ಹೈಪಾಯ್ಡ್ ಎರಡೂ ಒಂದೇ ಪೆಟ್ಟಿಗೆಯೊಳಗಿವೆ. ಅವಕ್ಕೆ ಕಂಪನಿ ಜಿಎಲ್-5 ಹೇಳಿದೆ, ಅಲ್ಲಿ ಅದೇ ಸರಿ. ಜಿಎಲ್-5 ಎಂದರೆ ವಿಷ ಎಂಬ ತೀರ್ಮಾನಕ್ಕೆ ಯಾರೂ ಬರಬಾರದು ಎಂದೇ ಇದನ್ನು ಬರೆದೆ.

ಈಗ ನಿಮ್ಮ ಗಾಡಿಗೆ ಮರಳೋಣ. ಆಯಿಲ್ ಇಳಿಸುವ ಮುಂಚೆ ಎರಡು ಸಂಗತಿ ನೋಡಬೇಕು. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಡ್ರೈವ್ ಶಾಫ್ಟ್ ಸೀಲ್ ಎಂಬಲ್ಲಿ. ಆ ಶಾಫ್ಟ್ ಹೊರಗೆಳೆದಾಗ ಆಯಿಲ್ ಸುರಿದುಹೋಗುತ್ತದೆ. ಮತ್ತೆ ತುಂಬುವಾಗ ಅಂದಾಜಿನಲ್ಲಿ ಸುರಿದು ಮುಚ್ಚುವುದನ್ನು ಗ್ಯಾರೇಜುಗಳಲ್ಲಿ ಬಹಳ ಸಲ ನೋಡಿದ್ದೇನೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ ಫಿಲ್ಲರ್ ಪ್ಲಗ್ ತೆಗೆಸಿ ನೋಡಿ. ಹೆಚ್ಚಿನ ಗೇರ್ ಬಾಕ್ಸುಗಳಲ್ಲಿ ಆ ತೂತಿನ ಕೆಳ ಅಂಚಿನವರೆಗೆ ಆಯಿಲ್ ಇರಬೇಕು. ಕಡಿಮೆ ಇದ್ದರೆ ಜಿಎಲ್ ಸಂಖ್ಯೆಗಿಂತ ದೊಡ್ಡ ಅಪಾಯ ಅದು, ಅಂದೇ ತುಂಬಿಸಿ.

ಎರಡನೆಯದು ಕ್ಲಚ್. ಎಂಜಿನ್ ಆರಿಸಿ ಎಲ್ಲ ಗೇರುಗಳನ್ನೂ ಹಾಕಿ ನೋಡಿ. ಆಮೇಲೆ ಎಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ತುಳಿದು, ನಾಲ್ಕೈದು ಸೆಕೆಂಡ್ ಕಾದು, ನಿಂತಲ್ಲೇ ರಿವರ್ಸ್ ಹಾಕಿ. ಬಹಳಷ್ಟು ಹಳೆಯ ಗೇರ್ ಬಾಕ್ಸುಗಳಲ್ಲಿ ರಿವರ್ಸ್‌ಗೆ ಸಿಂಕ್ರೊನೈಸರ್ ಇರುವುದಿಲ್ಲ. ಅಷ್ಟು ಕಾದ ಮೇಲೂ ಅದು ಕೂಗಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಬಿಗಿ ಮಾಡಿಸುವುದೋ ಹೈಡ್ರಾಲಿಕ್ ನೋಡಿಸುವುದೋ ಮೊದಲಾಗಬೇಕು. ಇಲ್ಲದಿದ್ದರೆ ಎಂಥ ಆಯಿಲ್ ಹಾಕಿದರೂ ಅಷ್ಟೇ. ನ್ಯೂಟ್ರಲ್‌ನಲ್ಲಿ ಬರುವ ಸದ್ದು ಕ್ಲಚ್ ತುಳಿದಾಗ ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಕಡೆ ನೋಡಬೇಕು, ತುಳಿದಾಗ ಶುರುವಾದರೆ ರಿಲೀಸ್ ಬೇರಿಂಗ್.

ಆಯಿಲ್ ಇಳಿಸುವ ಮುಂಚೆ ಗಾಡಿಯನ್ನು ಚೆನ್ನಾಗಿ ಓಡಿಸಿ ಬಿಸಿ ಮಾಡಿ. ಮೊದಲು ಬಿಚ್ಚಬೇಕಾದ್ದು ಫಿಲ್ಲರ್ ಪ್ಲಗ್, ಡ್ರೇನ್ ಪ್ಲಗ್ ಅಲ್ಲ. ಹಳೆಯ ಗಾಡಿಯಲ್ಲಿ ಫಿಲ್ಲರ್ ತುಕ್ಕು ಹಿಡಿದು ಕೂತಿರುವುದುಂಟು. ಆಯಿಲ್ ಎಲ್ಲ ಇಳಿಸಿದ ಮೇಲೆ ಅದು ಬಿಚ್ಚಲಿಲ್ಲವೆಂದರೆ ಗಾಡಿ ಅಲ್ಲೇ ನಿಂತಿತು. ಇಳಿದ ಆಯಿಲನ್ನು ಶುದ್ಧವಾದ ಪಾತ್ರೆಯಲ್ಲಿ ಹಿಡಿದು ಬೆಳಕಿಗೆ ಹಿಡಿದು ನೋಡಿ. ಅಯಸ್ಕಾಂತವಿರುವ ಡ್ರೇನ್ ಪ್ಲಗ್ಗಿಗೆ ಅಂಟಿದ ಬೂದು ಬಣ್ಣದ ನಯವಾದ ಲೇಪ ಸಹಜ. ಉಗುರಿಗೆ ಸಿಗುವ ಚೂರುಗಳು ಸಹಜವಲ್ಲ. ಆಯಿಲಿನಲ್ಲಿ ಚಿನ್ನದ ಬಣ್ಣದ ಸಣ್ಣ ಮಿನುಗು ಕಂಡರೆ ಅದು ರಿಂಗಿನ ಹಿತ್ತಾಳೆ. ಒಂದಿಷ್ಟು ಮಿನುಗು ಹಳೆಯ ಗೇರ್ ಬಾಕ್ಸಿನಲ್ಲಿ ಇದ್ದೇ ಇರುತ್ತದೆ, ಆಯಿಲ್ ಪೂರ್ತಿ ಹೊಳೆಯುವಷ್ಟಿದ್ದರೆ ಯೋಚಿಸಬೇಕು. ಹಾಲಿನಂತೆ ಬಿಳಿಚಿಕೊಂಡಿದ್ದರೆ ನೀರು ಸೇರಿದೆ.

ಡೀಸೆಲ್, ಸೀಮೆಎಣ್ಣೆ ಹಾಕಿ ತೊಳೆಸಬೇಡಿ. ಬೇರಿಂಗಿನ ಸಂದುಗಳಲ್ಲಿ ಉಳಿದದ್ದು ಹೊಸ ಆಯಿಲನ್ನು ತೆಳುವಾಗಿಸುತ್ತದೆ. ಚೆನ್ನಾಗಿ ಸುರಿದುಹೋಗಲು ಹೊತ್ತು ಕೊಡಿ. ತಳದಲ್ಲಿ ಸ್ವಲ್ಪ ಜಿಎಲ್-5 ಉಳಿದು ಹೊಸದರೊಂದಿಗೆ ಬೆರೆತರೆ ಅಪಾಯವಿಲ್ಲ. ಅದೂ ಬೇಡವೆಂದರೆ ಕೆಲವು ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬದಲಿಸಬಹುದು. ಪ್ಲಗ್ಗಿನ ವಾಷರ್ ಹೊಸದು ಹಾಕಿಸಿ. ಗೇರ್ ಬಾಕ್ಸಿನ ಮೇಲ್ಭಾಗದ ಬ್ರೀದರ್ (ಗಾಳಿಯಾಡುವ ಸಣ್ಣ ದಾರಿ) ಮಣ್ಣು ತುಂಬಿ ಮುಚ್ಚಿದೆಯೇ ಎಂದು ನೋಡಿಸುವುದನ್ನು ಮರೆಯಬೇಡಿ. ಅದು ಕಟ್ಟಿಕೊಂಡರೆ ಒಳಗಿನ ಬಿಸಿಗಾಳಿಯ ಒತ್ತಡಕ್ಕೆ ಹೊಸ ಸೀಲೂ ಸೋರುತ್ತದೆ. ನಿಮ್ಮ ಸೀಲ್ ಸೋರಿದ್ದಕ್ಕೂ ಅದೇ ಮೂಲವಿರಬಹುದು.

ಹೊಸ ಆಯಿಲ್ ಹಾಕಿದ ಮೇಲೆ ಕೆಲವು ನೂರು ಕಿಲೋಮೀಟರ್ ಓಡಿಸಿಯೇ ತೀರ್ಮಾನಿಸಿ. ಅಲ್ಲಿಯವರೆಗೆ ಬೆಳಗಿನ ಹೊತ್ತು ಎರಡನೇ ಗೇರಿಗೆ ನ್ಯೂಟ್ರಲ್‌ನಲ್ಲಿ ಅರೆಕ್ಷಣ ನಿಂತು, ಒತ್ತದೆ ಹಾಕಿ. ಮೂರರಿಂದ ಎರಡಕ್ಕೆ ಇಳಿಸುವಾಗ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಮತ್ತೆ ಕ್ಲಚ್ ತುಳಿದು ಇಳಿಸಿದರೆ ರಿಂಗಿನ ಕೆಲಸ ಬಹುಮಟ್ಟಿಗೆ ನೀವೇ ಮಾಡಿಕೊಟ್ಟಂತೆ. ಇಷ್ಟೆಲ್ಲ ಆದ ಮೇಲೂ ಬಿಸಿ ಗೇರ್ ಬಾಕ್ಸಿನಲ್ಲೇ ಎರಡನೇ ಗೇರ್ ಕೂಗುತ್ತಿದ್ದರೆ, ಅಥವಾ ಆಕ್ಸಿಲರೇಟರ್ ಬಿಟ್ಟಾಗ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ, ಅದು ಆಯಿಲಿನಿಂದ ಸರಿಹೋಗುವ ಕೆಲಸವಲ್ಲ. ಗೇರ್ ಬಾಕ್ಸ್ ಇಳಿಸಿ ರಿಂಗಿಗೂ ಗೇರಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಕನಿಷ್ಠ ಎಷ್ಟಿರಬೇಕು ಎಂಬುದು ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ರಿಂಗ್ ಒಂದನ್ನೇ ಬದಲಿಸಿ ಮುಚ್ಚಲು ಬಿಡಬೇಡಿ. ಗೇರನ್ನು ಶಾಫ್ಟಿಗೆ ಜೋಡಿಸುವ ಸ್ಲೀವಿನ ಹಲ್ಲಿನ ಮೊನೆ, ಗೇರಿನ ಶಂಕುವಿನ ಮೈ, ಬೇರಿಂಗುಗಳು, ಇನ್ನೊಂದು ಬದಿಯ ಸೀಲ್, ಎಲ್ಲವನ್ನೂ ಅದೇ ಸಲ ನೋಡಿಸಿ. ಕೆಲಸ ಒಪ್ಪಿಸುವಾಗ ಒಳಗೆ ಹಾಕಬೇಕಾದ ಆಯಿಲಿನ ದರ್ಜೆಯನ್ನು ಚೀಟಿಯಲ್ಲಿ ಬರೆದು ಕೊಡಿ.